ಮೇನ್‌ಫ್ರೇಮ್‌ನ ಹಳೇ ಕಂಪ್ರೆಷನ್: ಚಿಪ್‌ಗೆ ಕೊಡೋದಾ, ಲಿನಕ್ಸ್‌ಗೆ ಹೋಗೋದಾ?

ಬಳ್ಳಾರಿಯ ಗೆಳೆಯರೊಬ್ಬರ ಪ್ರಶ್ನೆ ಇದು. ಅದಿರು ಲಾರಿಗಳ ವೇಬ್ರಿಜ್ (ಲಾರಿ ತೂಗುವ ಕಾಟಾ) ದಾಖಲೆ ಮೇನ್‌ಫ್ರೇಮ್‌ನಲ್ಲಿದೆ, ಅಂದರೆ ದೊಡ್ಡ ಸಂಸ್ಥೆಗಳ ದೊಡ್ಡ ಕಂಪ್ಯೂಟರ್‌ನಲ್ಲಿ. ಅದನ್ನು ಕುಗ್ಗಿಸುವ (ಕಂಪ್ರೆಷನ್) ಪ್ರೋಗ್ರಾಂ ಹಳೇದು, ಯಂತ್ರಕ್ಕೆ ಹತ್ತಿರದ ಅಸೆಂಬ್ಲರ್ ಭಾಷೆಯಲ್ಲಿ ಬರೆದದ್ದು. ಈ ಕೆಲಸವನ್ನು ಮೆಷಿನ್‌ನ ಚಿಪ್‌ಗೇ ಒಪ್ಪಿಸೋದಾ, ಲಿನಕ್ಸ್‌ಗೆ ಸಾಗಿಸೋದಾ ಅಂತ ಅವರ ಗೊಂದಲ.

ಖರ್ಚಿನ ಮಾತಾದರೆ ಮೊದಲು ಮೆಷಿನ್ ಯಾವುದು ನೋಡಿ. 2019ರ ಐಬಿಎಂ ಝಡ್15 ಮೇನ್‌ಫ್ರೇಮ್‌ನಿಂದ ಡಿಫ್ಲೇಟ್ (ಜಿಪ್ ಫೈಲ್‌ಗಳಲ್ಲಿ ಬಳಸುವ ಕುಗ್ಗಿಸುವ ವಿಧಾನ) ಚಿಪ್‌ನೊಳಗೇ ಇದೆ. ಸಿಪಿಯು ಹೊರೆ ಇಳಿಯುತ್ತದೆ. ಅದರ ಹಿಂದಿನ ಝಡ್14ಕ್ಕೆ ಬೇರೆ ಕಾರ್ಡ್ ಬೇಕು, ಮುಂದೆ ಝಡ್15ಕ್ಕೆ ಹೋದರೆ ಆ ಕಾರ್ಡ್ ನಡೆಯಲ್ಲ. ಈಗ ಅದಕ್ಕೆ ದುಡ್ಡು ಹಾಕೋದು ಸುಮ್ನೆ ದಂಡ ಅಲ್ವಾ?

ಲಿನಕ್ಸ್‌ನಲ್ಲಿ ಝಡ್‌ಸ್ಟ್ಯಾಂಡರ್ಡ್ ಎಂಬ ಕುಗ್ಗಿಸುವ ಸಾಫ್ಟ್‌ವೇರ್ ಪುಕ್ಕಟೆ. 2016ರಿಂದ ಓಪನ್ ಸೋರ್ಸ್, ಸಾಮಾನ್ಯವಾಗಿ ಡಿಫ್ಲೇಟ್‌ಗಿಂತ ಚೆನ್ನಾಗಿ ಕುಗ್ಗಿಸುತ್ತದೆ.

ತಲೆನೋವು ಇರೋದು ಡೇಟಾವನ್ನು ಮೇನ್‌ಫ್ರೇಮ್‌ನಿಂದ ಲಿನಕ್ಸ್‌ಗೆ ಸಾಗಿಸುವುದರಲ್ಲಿ. 12345 ಎಂಬ ತೂಕ ಪ್ಯಾಕ್ಡ್ ಡೆಸಿಮಲ್‌ನಲ್ಲಿ (ಒಂದು ಬೈಟಿಗೆ ಎರಡು ಅಂಕಿ ತುಂಬುವ ರೀತಿ) 12 34 5ಸಿ ಎಂಬ ಮೂರು ಬೈಟ್; ಕೊನೆಯ ಸಿ ಪ್ಲಸ್ ಚಿಹ್ನೆ. ಇಡೀ ಫೈಲನ್ನು ಎಬ್ಸಿಡಿಕ್‌ನಿಂದ (ಮೇನ್‌ಫ್ರೇಮ್‌ನ ಅಕ್ಷರ ಸಂಕೇತ) ಆಸ್ಕಿಗೆ (ಲಿನಕ್ಸ್ ಬಳಸುವ ಅಕ್ಷರ ಸಂಕೇತ) ತಿರುಗಿಸಿದರೆ 5ಸಿ ಹೋಗಿ 2ಎ ಬರುತ್ತದೆ. ಕೊನೆಯ 5 ಸದ್ದಿಲ್ಲದೆ 2 ಆಯಿತು! ಒಂದೊಂದು ಫೀಲ್ಡನ್ನೂ ಕಾಪಿಬುಕ್ (ಯಾವ ಫೀಲ್ಡ್ ಎಲ್ಲಿ, ಯಾವ ರೂಪದಲ್ಲಿದೆ ಎಂಬ ವಿವರಣೆ) ನೋಡಿಯೇ ಬದಲಿಸಬೇಕು.

ದಿನಾ ಬ್ಯಾಚ್ (ಒಟ್ಟಿಗೆ ಓಡುವ ಕೆಲಸಗಳ ಗುಂಪು) ಓಡುತ್ತಿದ್ದು ಝಡ್15 ಇದ್ದರೆ ಚಿಪ್ ಸಾಕು. ಮೇನ್‌ಫ್ರೇಮನ್ನೇ ಬಿಡುವ ಯೋಚನೆಯಿದ್ದರೆ ಲಿನಕ್ಸ್. ಅಪರೂಪಕ್ಕೆ ಓದುವ ದಾಖಲೆ ಮಾತ್ರ ಇದ್ದರೆ ಹಳೇದೇ ನಡೆಯಲಿ. ಯಾವುದಕ್ಕೆ ಹೋದರೂ ಹಳೇ ಟೇಪ್‌ಗಳನ್ನೆಲ್ಲ ಬಿಚ್ಚಿ ತಾಳೆ ನೋಡುವವರೆಗೆ ಹಳೇ ಪ್ರೋಗ್ರಾಂ ಅಳಿಸಬೇಡಿ.