ಮಡಿಕೇರಿಯ ಪಾರ್ಲರಿನಲ್ಲಿ ಉಗುರಿನ ಆರೈಕೆ: ಕತ್ತರಿಯೊಂದನ್ನು ಬಿಟ್ಟರೆ ತೃಪ್ತಿಕರ

ಮಡಿಕೇರಿಯ ಮಾರುಕಟ್ಟೆಗೆ ಸಮೀಪದಲ್ಲಿರುವ ಸಣ್ಣದೊಂದು ಬ್ಯೂಟಿ ಪಾರ್ಲರಿನಲ್ಲಿ ಇತ್ತೀಚೆಗೆ ಮ್ಯಾನಿಕ್ಯೂರ್ ಮಾಡಿಸಿಕೊಂಡೆ. ತೋಟದ ಕೆಲಸ ಮಾಡುವವರ ಉಗುರಿನ ಸಂದಿಯಲ್ಲಿ ಮಣ್ಣು, ಕಾಫಿ ಹಣ್ಣಿನ ಕರೆ ಕೂರುವುದು ಸಹಜವಾದ್ದರಿಂದ, ಮದುವೆಗಳ ಕಾಲದಲ್ಲಿ ಇಂತಹ ಸೇವೆಯನ್ನು ಹುಡುಕಿಕೊಂಡು ಹೋಗುವವರು ನಮ್ಮಲ್ಲಿ ಕಡಿಮೆಯಿಲ್ಲ.

ಶುಚಿಗೊಳಿಸುವ ಕೆಲಸವನ್ನು ಅವರು ನಿಜಕ್ಕೂ ಚೆನ್ನಾಗಿ ಮಾಡಿದರು. ಬೆಚ್ಚಗಿನ ಸಾಬೂನು ನೀರಿನಲ್ಲಿ ಬೆರಳುಗಳನ್ನು ಸ್ವಲ್ಪ ಹೊತ್ತು ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಕೊಳೆ ತೆಗೆದರೇ ಹೊರತು ಚೂಪಾದ ಕಡ್ಡಿಯಿಂದ ಕೆದಕಲಿಲ್ಲ. ಹಾಗೆ ಕೆದಕಿದರೆ ಉಗುರು ತನ್ನ ಹಾಸಿನಿಂದ ಬಿಟ್ಟುಕೊಂಡು, ಆ ಸಂದಿಯಲ್ಲಿ ತೇವವೂ ಶಿಲೀಂಧ್ರವೂ ಸೇರುತ್ತವೆ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನಷ್ಟೇ ಫೈಲಿನಿಂದ ದುಂಡಾಗಿಸಿದರು.

ನನ್ನ ಆಕ್ಷೇಪವಿರುವುದು ಅದರ ಮುಂದಿನ ಹಂತದ ಬಗ್ಗೆ. ಉಗುರಿನ ಬುಡದಲ್ಲಿರುವ ತೆಳು ಚರ್ಮವನ್ನು, ಅಂದರೆ ಕ್ಯೂಟಿಕಲನ್ನು, ಅಂದಕ್ಕೆಂದು ಪುಟ್ಟ ಕತ್ತರಿಯಿಂದ ಕತ್ತರಿಸುವುದು ಅಲ್ಲಿಯ ರೂಢಿ. ಚರ್ಮ ಮತ್ತು ಉಗುರಿನ ನಡುವಿನ ಸಂದಿಯನ್ನು ಮುಚ್ಚಿ, ಸೂಕ್ಷ್ಮಜೀವಿಗಳನ್ನು ತಡೆಯುವುದೇ ಆ ಚರ್ಮದ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈ ಒಣಗುವುದೇ ಅಪರೂಪವಾದ ಕೊಡಗಿನಲ್ಲಿ, ಗದ್ದೆಯಲ್ಲೋ ಅಡುಗೆಮನೆಯಲ್ಲೋ ಸದಾ ನೀರಿನಲ್ಲಿರುವ ಬೆರಳಿನಿಂದ ಈ ಕಾವಲನ್ನು ಕಿತ್ತುಹಾಕಿದರೆ ಉಗುರುಸುತ್ತಿಗೆ ದಾರಿ ಮಾಡಿಕೊಟ್ಟಂತೆಯೇ. (ಆಮೇಲೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಓಡಾಡುವ ಬದಲು, ಕೀವು ತುಂಬಿದ್ದರೆ ವೈದ್ಯರಲ್ಲಿಗೆ ಹೋಗುವುದು ಲೇಸು.) ಒಬ್ಬರಿಗೆ ಬಳಸಿದ ಕತ್ತರಿಯನ್ನು ಬಟ್ಟೆಯಲ್ಲಿ ಒರೆಸಿ ಇನ್ನೊಬ್ಬರಿಗೆ ಎತ್ತಿಕೊಂಡದ್ದೂ ಸರಿ ಕಾಣಲಿಲ್ಲ.

ಕೊನೆಯಲ್ಲಿ, ಉಗುರು ಬೇಗ ಬೆಳೆಯುತ್ತದೆಂದು ದುಬಾರಿ ಸೀರಮ್ಮೊಂದನ್ನು ಮುಂದಿಟ್ಟರು. ನಾನು ಕೊಳ್ಳಲಿಲ್ಲ. ನಮಗೆ ಕಾಣುವ ಉಗುರು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಿರ್ಜೀವ ಹಾಳೆ. ಅದು ಹುಟ್ಟುವುದು ಬುಡದ ಚರ್ಮದಡಿಯ ಜೀವಕೋಶಗಳಲ್ಲಿ, ಹೆಬ್ಬೆರಳಿನಲ್ಲಿ ಸ್ಪಷ್ಟವಾಗಿ ಕಾಣುವ ಬಿಳಿಯ ಅರ್ಧಚಂದ್ರವು ಆ ಭಾಗದ ಅಂಚು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದು, ಬುಡದಿಂದ ತುದಿಯವರೆಗೆ ಪೂರ್ತಿ ಹೊಸದಾಗಲು ಹೆಚ್ಚುಕಡಿಮೆ 6 ತಿಂಗಳು ಹಿಡಿಯುತ್ತದೆ. ಕಾಲಿನ ಉಗುರಿಗೆ 12ರಿಂದ 18 ತಿಂಗಳು ಬೇಕು. ಮೇಲೆ ಏನನ್ನು ಬಳಿದರೂ ಈ ವೇಗ ಹೆಚ್ಚೇನೂ ಬದಲಾಗದು. ಒಣಗಿ ಸೀಳುವ ಉಗುರಿಗೆ ಮನೆಯ ಕೊಬ್ಬರಿ ಎಣ್ಣೆಯೇ ಸಾಕು. ಉಗುರಿನ ಮೇಲಿನ ಬಿಳಿ ಚುಕ್ಕೆಗೆ ಕ್ಯಾಲ್ಸಿಯಂ ಕೊರತೆಯೇ ಕಾರಣವೆಂದು ಅಲ್ಲಿ ಹೇಳಿದ್ದನ್ನೂ ನಂಬಬೇಕಾಗಿಲ್ಲ, ಹೆಚ್ಚಾಗಿ ಅದು ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು.

ಇಷ್ಟಾದರೂ ಮತ್ತೆ ಹೋಗುವ ಮನಸ್ಸಿದೆ, ಏಕೆಂದರೆ ಅವರ ಕೈ ಹಗುರ ಮತ್ತು ಮಾತು ವಿನಯದ್ದು. ಶುಕ್ರವಾರ ಸಂತೆಯ ಜನಜಂಗುಳಿ ಇರುವುದರಿಂದ ಬೇರೆ ದಿನ ಹೋಗಿ. ನೇಲ್ ಕಟ್ಟರ್ ಮತ್ತು ಫೈಲ್ ನಿಮ್ಮದೇ ಇರಲಿ, ಬುಡದ ಚರ್ಮವನ್ನು ಮುಟ್ಟಬಾರದೆಂದು ಕುಳಿತ ಕೂಡಲೇ ಹೇಳಿಬಿಡಿ.