ನೌಕೆ 200 ಮೈಲಿ, ಸೆಟ್ ನಾಲ್ಕು ಗೋಡೆ

‘ದಿ ಸ್ಟಾರ್‌ಲಾಸ್ಟ್’ನ 16 ಕಂತುಗಳನ್ನೂ ಹಟ ಹಿಡಿದು ನೋಡಿ ಮುಗಿಸಿದೆ. ಐದಕ್ಕೆ ಎರಡು ಅಂಕ. ಅದರಲ್ಲಿ ಒಂದೂವರೆ ಮೊದಲ ಕಂತಿನದೇ.

1973ರಲ್ಲಿ ಕೆನಡಾದ ಟೊರೊಂಟೊದಲ್ಲಿ ತಯಾರಾದ ಧಾರಾವಾಹಿ ಇದು. ಭೂಮಿ ಹಾಳಾಗುವ ಮುಂಚೆ ಜನರನ್ನು ತುಂಬಿಕೊಂಡು ಹೊರಟ 200 ಮೈಲಿ ಉದ್ದದ ಬಾಹ್ಯಾಕಾಶ ನೌಕೆ. ಒಳಗೆ ಗುಮ್ಮಟಕ್ಕೊಂದು ಸಮಾಜ. ತಲೆಮಾರುಗಳು ಕಳೆದು, ತಾವಿರುವುದು ನೌಕೆಯಲ್ಲಿ ಅನ್ನುವುದೇ ಜನಕ್ಕೆ ಮರೆತಿದೆ. ಡೆವನ್ ಅನ್ನೋ ಹಳ್ಳಿ ಹುಡುಗ ತಪ್ಪಿಸಿಕೊಂಡು ಓಡಿ, ಒಂದು ಬಾಗಿಲು ದಾಟಿದರೆ ಎದುರಿಗೆ ಲೋಹದ ಓಣಿ! ಇವನಿಗೆ ಗೊತ್ತಿದ್ದ ಪ್ರಪಂಚ ಅಲ್ಲಿಗೆ ಮುಗಿಯಿತು. ನೌಕೆ ಒಂದು ನಕ್ಷತ್ರಕ್ಕೆ ಡಿಕ್ಕಿ ಹೊಡೆಯುವ ದಾರಿಯಲ್ಲಿದೆ, ನಡೆಸುವವರು ಯಾರೂ ಉಳಿದಿಲ್ಲ ಅನ್ನುವುದು ಆಮೇಲೆ ತಿಳಿಯುತ್ತದೆ. ಇಂಥ ಕಥೆ ಸಿಕ್ಕರೆ ಐದು ವರ್ಷ ಎಳೆಯಬಹುದಿತ್ತು.

ಕೆಟ್ಟಿದ್ದು ಎಲ್ಲಿ? ನಟರು ನೀಲಿ ಪರದೆಯ ಮುಂದೆ, ಪುಟ್ಟ ಮಾದರಿ ಇನ್ನೊಂದು ಕಡೆ. ಎರಡು ಕ್ಯಾಮೆರಾ ಒಟ್ಟಿಗೆ ಚಲಿಸಿ ಎರಡನ್ನೂ ಬೆಸೆಯಬೇಕು. ಮ್ಯಾಜಿಕ್ಯಾಮ್ ಅನ್ನುವ ಈ ಉಪಾಯವನ್ನು ನಂಬಿ ಇಷ್ಟು ದೊಡ್ಡ ನೌಕೆ ಕಟ್ಟಲು ಹೊರಟಿದ್ದರು. ಅದು ಕೈಕೊಟ್ಟಿತು. ಉಳಿದದ್ದು ವಿಡಿಯೊಟೇಪು, ಇಕ್ಕಟ್ಟಾದ ಸೆಟ್ಟು, ನಟರ ಕೂದಲ ಅಂಚಿನಲ್ಲಿ ಮಿಣಮಿಣ ಅನ್ನುವ ಗೆರೆ.

ಆದರೆ ಬಡ ಸೆಟ್ಟನ್ನು ನಾನು ಕ್ಷಮಿಸಬಲ್ಲೆ. ಮರೆವನ್ನು ಅಲ್ಲ. ಡಿಕ್ಕಿಯ ಭಯ ಹೊತ್ತ ಡೆವನ್ ಮತ್ತು ಅವನ ಇಬ್ಬರು ಜೊತೆಗಾರರು ವಾರಕ್ಕೊಂದು ಗುಮ್ಮಟಕ್ಕೆ ಹೊಕ್ಕು, ಅಲ್ಲಿನ ಜಗಳ ಬಿಡಿಸಿ, ಮುಂದಿನ ವಾರ ಏನೂ ಆಗದವರಂತೆ ಬರುತ್ತಾರೆ. ಹಿಂದಿನ ಗುಮ್ಮಟದಲ್ಲಿ ಕಲಿತದ್ದು ಮುಂದಿನದಕ್ಕೆ ಉಪಯೋಗಕ್ಕೇ ಬರುವುದಿಲ್ಲ. ಡೆವನ್ ಪಾತ್ರದ ಕೀರ್ ಡಲಿಯಾ ‘2001: ಎ ಸ್ಪೇಸ್ ಒಡಿಸಿ’ ಸಿನಿಮಾದ ಗಗನಯಾತ್ರಿ. ಇಲ್ಲಿ ಪಾಪ, ಬೆರಗಾಗಿ ನಿಲ್ಲುವುದೇ ಕೆಲಸ. ಮಾಹಿತಿ ಕೊಡುವ ಕಂಪ್ಯೂಟರಿನ ಮುಖ ಮಾತ್ರ ನನಗೆ ಇಷ್ಟವಾಯಿತು. ಗಡ್ಡದ ಆ ಮಹಾಶಯ ಪ್ರಳಯದ ಸುದ್ದಿಯನ್ನೂ ಗ್ರಂಥಾಲಯದ ಗುಮಾಸ್ತನ ಧಾಟಿಯಲ್ಲೇ ಒಪ್ಪಿಸುತ್ತಾನೆ.

ಕಥೆ ಹೆಣೆದ ಹಾರ್ಲನ್ ಎಲಿಸನ್ ಸಿಟ್ಟಿಗೆದ್ದು ತನ್ನ ಹೆಸರು ತೆಗೆಸಿ ‘ಕಾರ್ಡ್‌ವೈನರ್ ಬರ್ಡ್’ ಎಂದು ಹಾಕಿಸಿದ. ಅವನು ಮೊದಲು ಬರೆದುಕೊಟ್ಟ ಚಿತ್ರಕಥೆಗೆ ಅಮೆರಿಕದ ಚಿತ್ರಕಥೆಗಾರರ ಸಂಘ ರೈಟರ್ಸ್ ಗಿಲ್ಡ್‌ನ ಪ್ರಶಸ್ತಿಯೇ ಬಂತು. ತೆರೆಗೆ ಬಂದದ್ದು ಬೇರೆಯವರು ತಿದ್ದಿದ್ದು!

ನೋಡುವುದಾದರೆ ಮೊದಲ ಕಂತು ನೋಡಿ. ‘ದಿ ಬೀಹೈವ್’ ಕಂತಿನ ತನಕ ಹೋದರೆ ದೈತ್ಯ ಜೇನುಹುಳುಗಳು ಸಿಗುತ್ತವೆ: ಮಾಮೂಲಿ ಹುಳುಗಳನ್ನೇ ಪರದೆ ತುಂಬ ಹಿಗ್ಗಿಸಿದ್ದಾರೆ. ಭಯಪಡಬೇಕಾದಲ್ಲಿ ನಾನು ಅವುಗಳ ಕಾಲಿಗೆ ಅಂಟಿದ ಪರಾಗ ಹುಡುಕುತ್ತ ಕೂತಿದ್ದೆ.