ಮಂಗ ಕಚ್ಚಿದರೆ ಸುಣ್ಣ ಹಚ್ಚಬೇಡಿ: ಬಾದಾಮಿಯಲ್ಲಿ ನನಗಾದದ್ದು

ಮಂಗ ಕಚ್ಚಿದ ಮೇಲೆ ಎರಡು ದಿನ ನಾನು ಆಸ್ಪತ್ರೆ ಕಡೆ ತಲೆ ಹಾಕಲಿಲ್ಲ. ಆ ಎರಡು ದಿನ ನೆನೆಸಿಕೊಂಡರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ಬಾದಾಮಿಗೆ ಹೊರಟಿರುವವರು, ಅದರಲ್ಲೂ ಮೊದಲ ಸಲ ಒಬ್ಬರೇ ಊರು ಸುತ್ತೋಕೆ ಹೊರಟಿರುವ ನನ್ನ ವಯಸ್ಸಿನವರು, ದಯವಿಟ್ಟು ಇದನ್ನು ಕೊನೆಯವರೆಗೂ ಓದಿ.

ಡಿಗ್ರಿ ಕೊನೆಯ ಪರೀಕ್ಷೆ ಮುಗಿದಿತ್ತು. ತುಮಕೂರಿನಲ್ಲಿ ರಾತ್ರಿ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆ. ಬಾದಾಮಿ ಸ್ಟೇಷನ್ನಿನಿಂದ ಊರು ಸುಮಾರು 5 ಕಿಲೋಮೀಟರ್, ಶೇರ್ ಆಟೋ ಸಿಕ್ಕಿತು. ರೂಮಿನಲ್ಲಿ ಬ್ಯಾಗ್ ಇಟ್ಟು, ಇಡ್ಲಿ ತಿಂದು, ಸೀದಾ ಗುಹೆಗಳಿಗೆ ಹೊರಟೆ.

ಮೊದಲ ಗುಹೆಯ ಹೊರಗಿನ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ. ಫೋಟೋದಲ್ಲಿ ನೂರು ಸಲ ನೋಡಿದ್ದೆ, ಆದರೂ ಎದುರಿಗೆ ನಿಂತಾಗ ಮಾತು ಹೊರಡಲಿಲ್ಲ. ಮೂರನೇ ಗುಹೆ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯರ ಮಂಗಲೇಶ 578ರಲ್ಲಿ ಬರೆಸಿದ ಶಾಸನ ಅಲ್ಲಿದೆ. ನಾಲ್ಕನೆಯದು ಜೈನ ಗುಹೆ. ಅಲ್ಲಿಂದ ಕೆಳಗೆ ನೋಡಿದರೆ ಇಡೀ ಅಗಸ್ತ್ಯ ತೀರ್ಥ ಕಾಣುತ್ತದೆ. ಹಸಿರು ನೀರು, ಆಚೆ ದಡದಲ್ಲಿ ಭೂತನಾಥ ಗುಡಿ, ಸುತ್ತ ಕೆಂಪು ಬಂಡೆ. ಕೆರೆ ಮೆಟ್ಟಿಲಿನ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸದ್ದು ಬಂಡೆಗೆ ಬಡಿದು ಎರಡೆರಡು ಸಲ ಕೇಳಿಸುತ್ತಿತ್ತು.

ಊರು ಚೆನ್ನಾಗಿಲ್ಲ ಅಂತ ನಾನು ಖಂಡಿತ ಹೇಳುತ್ತಿಲ್ಲ. ಹೋಗಲೇಬೇಕಾದ ಊರು ಅದು.

ಗುಹೆಯಿಂದ ಇಳಿದು ಬಂದಾಗ ಒಬ್ಬರು ಸಿಕ್ಕರು. ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ, ನಾನೂ ಕೇಳಲಿಲ್ಲ. ಭೂತನಾಥ ಗುಡಿ, ಮ್ಯೂಸಿಯಂ ಎಲ್ಲ ತೋರಿಸುತ್ತೇನೆ ಅಂದರು. ಒಪ್ಪಿಕೊಂಡೆ. ಅವರ ಕೈಯಲ್ಲಿ ಶೇಂಗಾ ಪೊಟ್ಟಣ ಇತ್ತು. ಅದನ್ನು ನನ್ನ ಕೈಗಿಟ್ಟು, "ಮಂಗ್ಯಾಗಳಿಗೆ ಹಾಕ್ರಿ ಸರ, ಫೋಟೋ ಭಾಳ ಚಲೋ ಬರ್ತಾವು" ಅಂದರು.

ನಮ್ಮ ದೇವರಾಯನದುರ್ಗದಲ್ಲಿ ಚಿಕ್ಕಂದಿನಿಂದ ಕೋತಿ ನೋಡಿಕೊಂಡೇ ಬೆಳೆದವನು ನಾನು. ಹೆದರಿಕೆ ಇರಲಿಲ್ಲ. ನಾಲ್ಕು ಕಾಳು ಹಾಕಿದೆ. ಒಂದು ಬಂತು, ಮೂರಾದವು, ಹತ್ತಾದವು. ಒಂದು ತಾಯಿ ಕೋತಿ ತೀರಾ ಹತ್ತಿರ ಬಂತು. ಮರಿ ಅದರ ಹೊಟ್ಟೆಗೆ ಅಂಟಿಕೊಂಡಿತ್ತು. ತಾಯಿ ಒಂದು ಕೈಯಿಂದ ನನ್ನ ಪ್ಯಾಂಟ್ ಹಿಡಿದು, ಇನ್ನೊಂದು ಕೈಯಿಂದ ಪೊಟ್ಟಣ ಎಳೆಯಿತು. ಬೆರಳುಗಳು ಪುಟ್ಟ ಮಗುವಿನ ಬೆರಳಿನ ಹಾಗೆ ಇದ್ದವು, ಉಗುರು ಕಪ್ಪು. ಅದು ಎಳೆದಾಗ ನಾನು ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ, ಸುಮ್ನೆ ತಿರುಗಿ ಎಳೆದೆ. ಹುಬ್ಬು ಮೇಲಕ್ಕೇರಿಸಿ, ಬಾಯಿ ತೆರೆದು ಒಂದು ಕ್ಷಣ ನೋಡಿತು. ಮರುಕ್ಷಣ ಎಡಗೈ ಹೆಬ್ಬೆರಳ ಬುಡಕ್ಕೆ ಹಲ್ಲು ಇಳಿದಿತ್ತು.

ಎರಡು ತೂತು. ಒಂದು ಆಳವಾಗಿತ್ತು. ರಕ್ತ ಮಣಿಕಟ್ಟಿನವರೆಗೂ ಇಳಿಯಿತು.

ಕೆರೆ ಮೆಟ್ಟಿಲ ಹತ್ತಿರ ಓಡಿದೆ. ಬಟ್ಟೆ ಒಗೆಯುತ್ತಿದ್ದ ವಯಸ್ಸಾದ ಅಮ್ಮ ಒಬ್ಬರು ನನ್ನ ಕೈ ನೋಡಿದವರೇ ಸೋಪಿನ ತುಂಡು ಚಾಚಿದರು. "ಮೊದಲ ಸಬಕಾರ ಹಚ್ಚಿ ತೊಳ್ಕೋಪಾ ತಮ್ಮಾ. ಕೆರಿ ನೀರು ಬ್ಯಾಡ, ಇದ್ರಾಗಿಂದು ತಗೋ" ಅಂತ ತಾವು ಕುಡಿಯಲು ತಂದಿದ್ದ ಬಾಟಲಿ ನೀರನ್ನು ಸುರಿದರು. ಅರ್ಧ ನಿಮಿಷ ತೊಳೆದಿರಬಹುದು. ಅಷ್ಟರಲ್ಲಿ ಶೇಂಗಾ ಕೊಟ್ಟವರು ತಂಬಾಕಿನ ಜೊತೆ ಇಟ್ಟುಕೊಂಡಿದ್ದ ಸುಣ್ಣದ ಡಬ್ಬಿ ತೆಗೆದು ಗಾಯಕ್ಕೆ ಮೆತ್ತಿಬಿಟ್ಟರು. ಪ್ರಾಣ ಹೋಗುವಷ್ಟು ಉರಿ. "ಮಂಗ ಕಡಿದ್ರ ಏನೂ ಆಗೂದಿಲ್ರಿ. ಸೂಜಿ ಬೇಕಾಗೂದು ನಾಯಿ ಕಡಿದ್ರಷ್ಟ" ಅಂದರು. ನಾನು ನಂಬಿದೆ. ನಂಬೋಕೆ ಸುಲಭವಾಗಿತ್ತು, ಯಾಕಂದ್ರೆ ಮರುದಿನ ಪಟ್ಟದಕಲ್ಲು ನೋಡಬೇಕಿತ್ತು, ಟಿಕೆಟ್ ಭಾನುವಾರ ರಾತ್ರಿಯದಾಗಿತ್ತು.

ಆ ಅಮ್ಮನ ಮಾತೇ ಸರಿಯಾಗಿತ್ತು ಅಂತ ಗೊತ್ತಾಗಿದ್ದು ಸೋಮವಾರ. ಕೈ ಊದಿಕೊಂಡಿತ್ತು. ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು ಇಷ್ಟೇ: "ಶನಿವಾರ ಕಚ್ಚಿದ್ದಕ್ಕೆ ಇವತ್ತು ಬಂದಿದ್ದೀಯಲ್ಲಪ್ಪ, ಎರಡು ದಿನ ಏನು ಮಾಡ್ತಿದ್ದೆ?" ಉತ್ತರ ಇರಲಿಲ್ಲ. ನನ್ನ ಅಮ್ಮ ಪಕ್ಕದಲ್ಲಿ ಕೂತು ಅಳುತ್ತಿದ್ದರು.

ಡಾಕ್ಟರ್ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ರೇಬಿಸ್ ಬರೀ ನಾಯಿಯ ರೋಗ ಅಲ್ಲ. ಮಂಗ, ಬೆಕ್ಕು, ನರಿ, ಯಾವ ಸಸ್ತನಿಯಿಂದಲೂ ಬರಬಹುದು. ನಾಯಿಯಿಂದ ಬರುವುದೇ ಜಾಸ್ತಿ, ನಿಜ. ಆದರೆ ಕಚ್ಚಿದ ಕೋತಿ ಗುಂಪಿನಲ್ಲಿ ಸೇರಿಹೋದ ಮೇಲೆ ಅದಕ್ಕೆ ರೋಗ ಇತ್ತೋ ಇಲ್ಲವೋ ಅಂತ ಯಾರು ನೋಡುತ್ತಾರೆ? ವೈರಸ್ ಎಂಜಲಿನಲ್ಲಿರುತ್ತದೆ. ಗಾಯದಿಂದ ಒಳಗೆ ಹೋಗಿ, ನರದ ದಾರಿ ಹಿಡಿದು ಮೆದುಳಿನ ಕಡೆ ನಿಧಾನವಾಗಿ ಸಾಗುತ್ತದೆ. ಲಕ್ಷಣ ಕಾಣಿಸಿಕೊಂಡರೆ ಬದುಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಅಷ್ಟರೊಳಗೆ ಲಸಿಕೆ ಕೆಲಸ ಮಾಡಿರಬೇಕು. ಲಸಿಕೆ ಹಾಕಿಸಿದ ತಕ್ಷಣ ಮೈಯಲ್ಲಿ ಶಕ್ತಿ ಹುಟ್ಟುವುದಿಲ್ಲ, ಒಂದೆರಡು ವಾರ ಬೇಕು. ಆ ನಡುವಿನ ದಿನಗಳಿಗೇ ಇಮ್ಯುನೊಗ್ಲಾಬ್ಯುಲಿನ್ ಅನ್ನುವ ಔಷಧ ಕೊಡುವುದು. ಅದನ್ನು ಮೈತೂಕ ನೋಡಿ ಲೆಕ್ಕ ಹಾಕಿ, ಗಾಯದ ಒಳಗೂ ಸುತ್ತಲೂ ಚುಚ್ಚುತ್ತಾರೆ. ಹೆಬ್ಬೆರಳ ಬುಡದಲ್ಲಿ ಮಾಂಸ ಎಷ್ಟಿರುತ್ತದೆ ಹೇಳಿ. ಊದಿದ ಕೈಗೆ ಅದನ್ನು ಚುಚ್ಚಿಸಿಕೊಂಡ ನೋವು ಮಂಗ ಕಚ್ಚಿದ್ದಕ್ಕಿಂತ ಜಾಸ್ತಿ.

ಇದರ ಜೊತೆ ಟೆಟನಸ್ ಇಂಜೆಕ್ಷನ್, ಐದು ದಿನದ ಮಾತ್ರೆ. ಲಸಿಕೆ ಎರಡೂ ತೋಳಿನ ಚರ್ಮಕ್ಕೆ ಒಂದೊಂದು ಚುಚ್ಚು. ಮೊದಲ ದಿನವನ್ನು ಸೊನ್ನೆ ಅಂತ ಎಣಿಸಿ, ಆಮೇಲೆ 3, 7, 28ನೇ ದಿನ. ಕೆಲವು ಕಡೆ ಮಾಂಸಖಂಡಕ್ಕೆ ಕೊಡುತ್ತಾರೆ, ಆಗ 14ನೇ ದಿನವೂ ಸೇರಿ ಐದು ಡೋಸ್ ಆಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ದುಡ್ಡಿಲ್ಲ. ಟೂರ್ ಮಧ್ಯೆ ಇದ್ದೀನಿ ಅಂತ ಮುಂದಕ್ಕೆ ಹಾಕಬೇಡಿ. ಮೊದಲ ಡೋಸ್ ಅದೇ ಊರಿನಲ್ಲಿ ಹಾಕಿಸಿ ಕಾರ್ಡ್ ತಗೊಂಡು ಬಂದರೆ, ಉಳಿದದ್ದನ್ನು ನಿಮ್ಮೂರಿನಲ್ಲಿ ಹಾಕುತ್ತಾರೆ. ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಶನಿವಾರವೇ ಹೋಗಿಬಿಡುತ್ತಿದ್ದೆ.

ಎಲ್ಲಕ್ಕಿಂತ ಮೊದಲು ತೊಳೆಯುವುದು. ಸೋಪು ಹಚ್ಚಿ, ಹರಿಯುವ ನೀರಿನ ಕೆಳಗೆ, 15 ನಿಮಿಷ. ಗಡಿಯಾರ ನೋಡಿಕೊಂಡು 15 ನಿಮಿಷ. ಸೋಪು ತಾಗಿದರೆ ವೈರಸ್ ಸಾಯುತ್ತದೆ, ಹರಿಯುವ ನೀರು ಎಂಜಲನ್ನು ತೊಳೆದುಕೊಂಡು ಹೋಗುತ್ತದೆ. ಸುಣ್ಣ, ಅರಿಶಿನ, ಕಾಫಿಪುಡಿ, ಖಾರದಪುಡಿ ಏನೂ ಹಚ್ಚಬಾರದು. ಗಾಯ ಇನ್ನಷ್ಟು ಕೆಡುತ್ತದೆ, ಅಷ್ಟೇ. ಬರೀ ಉಗುರು ಪರಚಿದೆ, ರಕ್ತ ಬಂದಿಲ್ಲ ಅಂದರೂ ಲಸಿಕೆ ಬೇಕು. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬಗ್ಗೆ ನೀವೇ ಬಾಯಿ ಬಿಟ್ಟು ಕೇಳಿ.

ಇನ್ನು ಕಚ್ಚಿಸಿಕೊಳ್ಳದೆ ಇರುವುದು. ಬಾದಾಮಿಯ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಕೇಳಿದರೆ ಸಾಕು, ಊಟ ಬಂತು ಅಂತ ಲೆಕ್ಕ. ಅವುಗಳ ತಪ್ಪೇನಿಲ್ಲ, ನಮ್ಮಂಥವರೇ ಹಾಕಿ ಹಾಕಿ ಕಲಿಸಿದ್ದು. ತಿಂಡಿಯನ್ನು ರೂಮಿನಲ್ಲೇ ಬಿಟ್ಟು ಹೋಗಿ. ನೀರಿನ ಬಾಟಲಿ ಬ್ಯಾಗಿನೊಳಗೆ ಇರಲಿ, ಜ್ಯೂಸ್ ಬಾಟಲಿಯಂತೂ ಬೇಡವೇ ಬೇಡ. ಬ್ಯಾಗನ್ನು ಎದೆಯ ಕಡೆ ಹಾಕಿಕೊಳ್ಳಿ. ಜಿಪ್ ಎಳೆಯೋಕೆ ಅವಕ್ಕೆ ಚೆನ್ನಾಗಿ ಬರುತ್ತದೆ, ನಾನೇ ನೋಡಿದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಹಲ್ಲು ಬಿಟ್ಟು ನಗಬೇಡಿ, ಅವಕ್ಕೆ ಅದು ಜಗಳಕ್ಕೆ ಕರೆದ ಹಾಗೆ. ಮರಿ ಇರುವ ತಾಯಿಯ ಹತ್ತಿರ ಸೆಲ್ಫಿ ಬೇಡ. ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಿ. ಫೋನ್ ಆದರೂ ಸರಿ, ಬಿಡಿ. ಕೈಯಲ್ಲಿ ಕೋಲು ಹಿಡಿದ ಕಾವಲುಗಾರರು ಇರುತ್ತಾರೆ, ಅವರನ್ನು ಕೂಗಿ. ಓಡಬೇಡಿ, ಆ ಮೆಟ್ಟಿಲುಗಳ ಮೇಲೆ ಓಡಿದರೆ ಬೀಳುವುದು ಗ್ಯಾರಂಟಿ. ಮಕ್ಕಳ ಕೈ ಹಿಡಿದುಕೊಂಡೇ ನಡೆಯಿರಿ, ಅವರ ಮುಖ ಕೋತಿಯ ಎತ್ತರಕ್ಕೇ ಇರುತ್ತದೆ.

ಗುರುತಿನ ಚೀಟಿ ಇಲ್ಲದವರ ಜೊತೆ ಹೋಗಬೇಡಿ ಅಂತಲೂ ಹೇಳಬೇಕು. ಅವರಿಗೆ ನನ್ನ ಮೇಲೆ ಕೆಟ್ಟ ಮನಸ್ಸು ಇರಲಿಲ್ಲ ಅಂತಲೇ ಅಂದುಕೊಂಡಿದ್ದೇನೆ. ಆದರೆ ಪ್ರಾಣಿಗೆ ತಿನ್ನಿಸು ಅಂತ ಕೈಗೆ ಪೊಟ್ಟಣ ಕೊಡುವವರು ಗೈಡ್ ಅಲ್ಲ.

ನಾನು ಬಾದಾಮಿಗೆ ಹೋಗಿದ್ದೇ ಕಪ್ಪೆ ಅರಭಟ್ಟನ ಶಾಸನ ನೋಡೋಕೆ. ಕ್ರಿ.ಶ. 700ರ ಹೊತ್ತಿನದು ಅನ್ನುತ್ತಾರೆ. ಕನ್ನಡದ ತ್ರಿಪದಿ ಮೊದಲು ಸಿಗುವುದು ಅದರಲ್ಲೇ. 'ಸಾಧುಗೆ ಸಾಧು' ಅನ್ನುವ ಸಾಲನ್ನು ನಮ್ಮ ಮೇಷ್ಟ್ರು ಕ್ಲಾಸಿನಲ್ಲಿ ರಾಗವಾಗಿ ಹೇಳುತ್ತಿದ್ದರು. ಕೆರೆಯ ಈಶಾನ್ಯದ ಬಂಡೆಯ ಮೇಲಿದೆ. ಕೈಗೆ ಕರ್ಚೀಫು ಸುತ್ತಿಕೊಂಡು ಅವತ್ತು ಅಲ್ಲಿವರೆಗೂ ನಡೆಯೋಕೆ ಆಗಲಿಲ್ಲ. ಎದುರು ದಡದಿಂದ ಆ ಬಂಡೆಯನ್ನಷ್ಟೇ ನೋಡಿ ವಾಪಸ್ ಬಂದೆ.

ನನ್ನ 28ನೇ ದಿನದ ಡೋಸ್ ಮೊನ್ನೆ ಆಯಿತು. ಗಾಯ ಮಾಗಿದೆ, ಹೆಬ್ಬೆರಳು ಮಡಿಸುವಾಗ ಸ್ವಲ್ಪ ಬಿಗಿ ಇದೆ. ತಂಗಿಯ ಕಾಲೇಜಿನವರು ಮುಂದಿನ ತಿಂಗಳು ಬಾದಾಮಿ, ಪಟ್ಟದಕಲ್ಲಿಗೆ ಹೊರಟಿದ್ದಾರೆ. ಅವಳ ಬ್ಯಾಗಿನಲ್ಲಿ ಒಂದು ಸೋಪು, ಎರಡು ಲೀಟರ್ ನೀರು ಇಟ್ಟುಕೊಳ್ಳೋಕೆ ಹೇಳಿದ್ದೇನೆ. ಕೆರೆ ಮೆಟ್ಟಿಲ ಮೇಲೆ ಆ ಅಮ್ಮ ಕಂಡರೆ ನನ್ನ ಕೈ ವಾಸಿಯಾಯಿತು ಅಂತ ತಿಳಿಸು ಅಂದಿದ್ದೇನೆ.